ಗೋ-ವೆಂಟ್-ಗಾನ್ ಮಗ್ಗಿ

ನನ್ನ ಆಯುಷ್ಯದಲ್ಲಿ ನನ್ನ ಬಾಯಿಂದ ಅತಿ ಹೆಚ್ಚು ಸಲ ಹೊರಬಿದ್ದ ಶಬ್ದ ದೇವರ ಹೆಸರಲ್ಲ, ಮಗಳ ಹೆಸರೂ ಅಲ್ಲ. ‘ಗೋ’ ಎಂಬ ಒಂದಕ್ಷರದ ಇಂಗ್ಲಿಷ್ ಕ್ರಿಯಾಪದ. ಹಗಲು ಹೈಸ್ಕೂಲಿನಲ್ಲಿ ನಾಲ್ಕು ಪಿರಿಯಡ್ಡು, ಸಂಜೆ ಮನೆಯಲ್ಲಿ ಮತ್ತೊಂದು. ಗೋ, ವೆಂಟ್, ಗಾನ್. ಹೇಳಿ ಹೇಳಿ ನನ್ನ ನಾಲಗೆಗೆ ದಡ್ಡು ಬಿದ್ದಿರಬೇಕು.

ಈ ‘ಗೋ’ ಮೇಲೆ ನನಗೆ ಹಳೆಯ ಸಿಟ್ಟು. ಉಳಿದ ಎಷ್ಟೋ ಕ್ರಿಯಾಪದಗಳು ಹೇಳಿದ ಮಾತು ಕೇಳುತ್ತವೆ. ಬಾಲಕ್ಕೊಂದು ‘ಡ್’ ಹಚ್ಚಿದರೆ ಕುಕ್ ಎಂಬುದು ಕುಕ್ಡ್ ಆಗುತ್ತದೆ, ವಾಕ್ ಎಂಬುದು ವಾಕ್ಡ್ ಆಗುತ್ತದೆ. ಇದು ಮಾತ್ರ ನಿನ್ನೆಯ ಮಾತು ಬಂದೊಡನೆ ಮುಖವನ್ನೇ ಬದಲಿಸಿಕೊಂಡು ‘ವೆಂಟ್’ ಎಂದು ಬಂದು ನಿಲ್ಲುತ್ತದೆ. ‘ಯಾಕ್ರಿ ಅಕ್ಕೋರ, ಗೋಡ್ ಯಾಕ ಆಗೂದಿಲ್ಲ?’ ಎಂದು ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಿದ್ದರು. ನಮ್ಮ ಕಡೆ ಹೆಣ್ಣು ಶಿಕ್ಷಕಿಗೆ ಅಕ್ಕೋರು ಎನ್ನುತ್ತಾರೆ. ‘ಯಾಕಂದ್ರ ಯಾಕ! ಅವರ ಭಾಷಾ, ಅವರು ಹೆಂಗ ಬೇಕ ಹಂಗ ಮಾಡ್ಕೊಂಡಾರ. ನೀ ಸುಮ್ನ ಬರಕೋ’ ಎನ್ನುತ್ತಿದ್ದೆ. ಮೊದಮೊದಲು ಇದನ್ನು ನಗುತ್ತಾ ಹೇಳುತ್ತಿದ್ದೆ. ಬರಬರುತ್ತ ನಗು ಬಿಟ್ಟುಹೋಯಿತು, ಉತ್ತರ ಮಾತ್ರ ಉಳಿಯಿತು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನನ್ನ ನೌಕರಿ ರಾಮದುರ್ಗದ ಹತ್ತಿರ, ತೊರಗಲ್ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ. ಗಂಡನ ನೌಕರಿ ಕಿತ್ತೂರಿನಲ್ಲಿ. ಅತ್ತೆ, ಮಗಳು, ಮನೆ, ಎಮ್ಮೆ ಎಲ್ಲವೂ ಬೈಲಹೊಂಗಲದಲ್ಲಿ. ಗಂಡ ದಿನವೂ ಬೈಲಹೊಂಗಲದಿಂದ ಹೋಗಿಬರುತ್ತಿದ್ದರು. ನನಗೆ ಅದು ಆಗುವ ಮಾತಾಗಿರಲಿಲ್ಲ. ಅತ್ತ ಬೈಲಹೊಂಗಲಕ್ಕೂ ಇತ್ತ ರಾಮದುರ್ಗಕ್ಕೂ ನಡುವೆ ಎಂದು ಸವದತ್ತಿಯಲ್ಲಿ ಒಂದು ಪಡಸಾಲೆ, ಒಂದು ಅಡುಗೆಮನೆ ಬಾಡಿಗೆಗೆ ಹಿಡಿದಿದ್ದೆ. ಮುಂಜಾನೆ ರಾಮದುರ್ಗದ ಬಸ್ಸು, ಸಂಜೆ ಸವದತ್ತಿಯ ಬಸ್ಸು. ಶನಿವಾರ ಮುಂಜಾನೆಯ ಶಾಲೆ ಮುಗಿಸಿ ಬೈಲಹೊಂಗಲದ ಬಸ್ಸು, ರವಿವಾರ ಇಳಿಹೊತ್ತಿಗೆ ಮತ್ತೆ ಸವದತ್ತಿಯ ಬಸ್ಸು. ಬಸ್ಸಿನ ಕಂಡಕ್ಟರುಗಳಿಗೆ ನನ್ನ ಸೀರೆಗಳ ಬಣ್ಣವೆಲ್ಲ ಗೊತ್ತಿತ್ತು.

ಮಗಳಿಗೆ ಆಗ ಐದು ವರ್ಷ. ರವಿವಾರ ನಾನು ಹೊರಡುವ ಹೊತ್ತಿಗೆ ಸರಿಯಾಗಿ ನನ್ನ ಒಂದು ಚಪ್ಪಲಿ ಕಾಣೆಯಾಗುತ್ತಿತ್ತು. ಕಟ್ಟಿಗೆ ಒಟ್ಟಿದ ಸಂದಿಯಲ್ಲೋ, ಹಿಟ್ಟಿನ ಡಬ್ಬಿಯ ಹಿಂದೋ ಅದನ್ನು ಬಚ್ಚಿಟ್ಟು ಅವಳು ಬಾಗಿಲ ಹಿಂದೆ ನಿಂತಿರುತ್ತಿದ್ದಳು. ಮೊದಲ ವರ್ಷ ಮುದ್ದು ಮಾಡಿದೆ. ಎರಡನೆಯ ವರ್ಷ ಬಸ್ಸು ತಪ್ಪುತ್ತದೆಂದು ಬೆನ್ನಿಗೊಂದು ಗುದ್ದಿದೆ. ಮೂರನೆಯ ವರ್ಷ ಇನ್ನೊಂದು ಜೊತೆ ಚಪ್ಪಲಿ ಚೀಲದಲ್ಲೇ ಇಟ್ಟುಕೊಳ್ಳತೊಡಗಿದೆ. ವರ್ಗಾವಣೆಗೆ ಅರ್ಜಿ ಹಾಕಿ ಹಾಕಿ ಕೈ ಸೋತಿತ್ತು.

ಸಂಜೆಯ ಪಾಠ ಶುರುವಾದದ್ದು ನನ್ನ ಇಚ್ಛೆಯಿಂದೇನಲ್ಲ. ಮನೆಯ ಮಾಲಕಿಯ ಮಗಳು ಹತ್ತನೆಯ ತರಗತಿಯಲ್ಲಿ ಇಂಗ್ಲಿಷ್ ಒಂದರಲ್ಲೇ ನಪಾಸಾಗಿದ್ದಳು. ‘ಒಂದಿಷ್ಟು ಹೇಳಿಕೊಡ್ರಿ ಅಕ್ಕೋರ, ಊರಾಗಿನ ಟ್ಯೂಷನ್ನಿಗೆ ಬರೇ ಗಂಡಹುಡುಗೂರ ತುಂಬ್ಯಾರ’ ಎಂದು ಮಾಲಕಿ ಗಂಟುಬಿದ್ದರು. ಬಾಡಿಗೆ ಮನೆ, ಇಲ್ಲ ಅನ್ನುವುದು ಹೇಗೆ? ಅವಳೊಬ್ಬಳು ಬಂದಳು, ಮರುತಿಂಗಳು ಮೂವರಾದರು, ವರ್ಷ ತುಂಬುವಷ್ಟರಲ್ಲಿ ಎಂಟು ಜನ ಹೆಣ್ಣುಮಕ್ಕಳು ಪಡಸಾಲೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ಕುಳಿತಿದ್ದರು. ಎಲ್ಲರೂ ಇಂಗ್ಲಿಷ್ ಒಂದರಲ್ಲೇ ಬಿದ್ದವರು. ಕೆಲವರಿಗೆ ಮದುವೆಯಾಗಿತ್ತು, ಕೆಲವರಿಗೆ ಈ ಇಂಗ್ಲಿಷಿನಿಂದಾಗಿಯೇ ಮದುವೆ ನಿಂತಿತ್ತು.

ಪಾಠ ಎಂದರೆ ಏನು ಪಾಠ? ಬಸ್ಸಿಳಿದು ಬಂದು, ಕಾಲಿಗೆ ನೀರು ಹಾಕಿಕೊಂಡು, ಅರ್ಧ ಕಪ್ಪು ಚಹಾ ಕುಡಿದು ಕೂಡುವ ಹೊತ್ತಿಗೆ ನನ್ನಲ್ಲಿ ಅರ್ಥ ಬಿಡಿಸಿ ಹೇಳುವ ತ್ರಾಣವೇ ಉಳಿದಿರುತ್ತಿರಲಿಲ್ಲ. ದೊಡವಾಡದಲ್ಲಿ ನಾನು ಚಿಕ್ಕವಳಿದ್ದಾಗ ಶಾಲೆ ಬಿಡುವ ಮೊದಲು ನಮ್ಮನ್ನೆಲ್ಲ ಸಾಲಾಗಿ ಕೂಡಿಸಿ ಮಗ್ಗಿ ಹೇಳಿಸುತ್ತಿದ್ದರು. ಎರಡೊಂದ್ಲೆ ಎರಡರಿಂದ ಇಪ್ಪತ್ತರ ಮಗ್ಗಿಯವರೆಗೆ, ಮೈ ಹಿಂದೆ ಮುಂದೆ ತೂಗುತ್ತ, ಗಂಟಲು ಹರಿಯುವಂತೆ. ಅದೇ ಉಪಾಯವನ್ನು ನಾನೂ ಹೂಡಿದೆ. ‘ಗೋ’ವಿನದೊಂದು ಮಗ್ಗಿ ಕಟ್ಟಿದೆ. ಐ ಗೋ, ನಾನು ಹೋಗುತ್ತೇನೆ. ಹಿ ಗೋಸ್, ಅವನು ಹೋಗುತ್ತಾನೆ. ಐ ವೆಂಟ್, ನಾನು ಹೋದೆ. ಐ ಹ್ಯಾವ್ ಗಾನ್, ನಾನು ಹೋಗಿದ್ದೇನೆ. ಐ ಹ್ಯಾಡ್ ಗಾನ್, ನಾನು ಹೋಗಿದ್ದೆ. ಹಿ ಹ್ಯಾಡ್ ಗಾನ್, ಅವನು ಹೋಗಿದ್ದನು. ಐ ಶಲ್ ಗೋ, ನಾನು ಹೋಗುವೆನು. ಹೀಗೇ ಸಾಗಿ ಕೊನೆಗೆ ಇಫ್ ಐ ಹ್ಯಾಡ್ ಗಾನ್, ನಾನು ಹೋಗಿದ್ದರೆ, ಎಂಬಲ್ಲಿಗೆ ಮುಗಿಯುತ್ತಿತ್ತು. ಒಬ್ಬಳು ಹೇಳಬೇಕು, ಉಳಿದವರು ಹಿಂದಿನಿಂದ ಅನ್ನಬೇಕು. ನಾನು ಕಣ್ಣು ಮುಚ್ಚಿ ಗೋಡೆಗೆ ಒರಗಿರುತ್ತಿದ್ದೆ. ಎಲ್ಲೋ ಒಂದು ಕಡೆ ತಪ್ಪಿದರೆ ಮಾತ್ರ ಕಣ್ಣು ತೆರೆಯುತ್ತಿದ್ದೆ. ನಿಜ ಹೇಳಬೇಕೆಂದರೆ ಎಷ್ಟೋ ಸಲ ಆ ರಾಗಕ್ಕೆ ನಿದ್ದೆ ಹತ್ತುತ್ತಿತ್ತು.

ಎರಡನೆಯ ವರ್ಷ ಯಾರೋ ಪುಣ್ಯಾತ್ಮರು ಕಚೇರಿಗೆ ಚಾಡಿ ಹೇಳಿದರು. ಸರ್ಕಾರಿ ಶಿಕ್ಷಕಿ ಮನೆಯಲ್ಲಿ ಪಾಠ ಹೇಳುವಂತಿಲ್ಲ ಎಂದು ನನಗೊಂದು ಮೆಮೊ ಬಂತು. ನಾನು ಬಿಳಿ ಹಾಳೆಯ ಮೇಲೆ ದುಂಡಗೆ ಬರೆದುಕೊಟ್ಟೆ: ಪಾಠ ಹೇಳುತ್ತಿಲ್ಲ, ಬಿಡುವಿನಲ್ಲಿ ಓಣಿಯ ಹೆಣ್ಣುಮಕ್ಕಳಿಗೆ ಕಸೂತಿ ಹಾಕುವುದನ್ನು ಕಲಿಸುತ್ತಿದ್ದೇನೆ, ಅಷ್ಟೇ. ಅಂದೇ ಸಂಜೆ ಹುಡುಗಿಯರಿಗೆ ತಾಕೀತು ಮಾಡಿದೆ. ‘ನಾಳಿಯಿಂದ ಒಂದೊಂದ ಅರಿವಿ ತುಣುಕು, ಸೂಜಿ, ದಾರಾ ತರ್ರಿ. ಪಟ್ಟಿ ಮ್ಯಾಲೆ ಹಾಸ್ಕೊಂಡ ಕುಂಡ್ರಿ. ಯಾರರ ಕೇಳಿದ್ರ ಏನ್ ಅಂತೀರಿ?’

‘ಕಸೂತಿ ಕಲಿಯಾಕ ಬರತೇವಿ ಅಂತೇವ್ರಿ!’ ಎಂದು ಎಂಟೂ ಜನ ಮಗ್ಗಿಯ ರಾಗದಲ್ಲೇ ಕೂಗಿದರು. ಎಲ್ಲರಿಗೂ ನಗೆ. ಅವತ್ತಿನಿಂದ ನಮ್ಮ ಪಡಸಾಲೆಯಲ್ಲಿ ನೋಟ್‌ಬುಕ್ಕುಗಳ ಮೇಲೆ ಕಸೂತಿ ಬಟ್ಟೆ ಹಾಸಿರುತ್ತಿತ್ತು. ಒಬ್ಬರೂ ಒಂದು ಹೊಲಿಗೆ ಹಾಕಿದ್ದನ್ನು ನಾನು ಕಾಣಲಿಲ್ಲ. ನನಗಾದರೂ ಎಲ್ಲಿ ಬರುತ್ತಿತ್ತು ಕಸೂತಿ!

ಆ ವರ್ಷವೇ ಅವಳು ಬಂದದ್ದು. ಉಗರಗೋಳದವಳು. ಅಲ್ಲಿಯ ಅಂಗನವಾಡಿಯಲ್ಲಿ ಸಹಾಯಕಿ. ಮಕ್ಕಳಿಗೆ ಉಪ್ಪಿಟ್ಟು ಬೇಯಿಸುವುದು, ನೀರು ತುಂಬುವುದು, ಕಸ ಹೊಡೆಯುವುದು, ಚಡ್ಡಿ ತೊಳೆಯುವುದು. ಗಂಡ ಅಲ್ಲೇ ಹತ್ತಿರದ ದೇವಿಯ ಗುಡ್ಡಕ್ಕೆ ಬರುವ ಭಕ್ತರನ್ನು ಟ್ರ್ಯಾಕ್ಸ್ ಜೀಪಿನಲ್ಲಿ ಹೇರುತ್ತಿದ್ದ. ಮನೆಯಲ್ಲಿ ಉರ್ದು, ಕಲಿತದ್ದು ಕನ್ನಡ ಶಾಲೆಯಲ್ಲಿ. ಮೂವತ್ತರ ಹತ್ತಿರ ವಯಸ್ಸು, ಇಬ್ಬರು ಮಕ್ಕಳು. ನಾಲ್ಕು ಸಲ ಪರೀಕ್ಷೆಗೆ ಕುಳಿತು ನಾಲ್ಕು ಸಲವೂ ಇಂಗ್ಲಿಷಿನಲ್ಲಿ ಬಿದ್ದಿದ್ದಳು.

‘ನಮ್ಮ ಅಂಗನವಾಡಿ ದೊಡ್ಡ ಅಕ್ಕೋರ ಈ ಬ್ಯಾಸಗಿಗೆ ರಿಟೈರ್ ಆಗತಾರ್ರಿ’ ಎಂದಳು ಮೊದಲ ದಿನವೇ, ಬಾಗಿಲಲ್ಲಿ ನಿಂತು. ‘ಹತ್ತನೆತ್ತಿ ಪಾಸ್ ಆಗಿದ್ರ ಆ ಜಾಗಾ ನನಗ ಕೊಡತಾರಂತ. ಇಲ್ಲಾಂದ್ರ ಬ್ಯಾರೆ ಊರಿಂದ ಯಾರನರ ತರತಾರು. ಈ ಸಲ ಬಿಟ್ರ ಆತರಿ, ಮುಂದ ವಯಸ್ಸೂ ಮೀರತೈತಿ.’ ಒಳಗೆ ಬಂದು ಕುಳಿತ ಮೇಲೆ ಮೆಲ್ಲಗೆ ಸೇರಿಸಿದಳು: ‘ಒಂಬತ್ತ ವರ್ಷಾತು ಅವರಿವರ ಕೂಸಿನ ಚಡ್ಡಿ ತೊಳಿಯಾಕ ಹತ್ತಿ. ಒಂದಿನಾರ ಖುರ್ಚಿ ಮ್ಯಾಲ ಕುಂತ ಹಾಜರಿ ತಗೋಬೇಕ್ರಿ.’

ಅವಳು ಬರುವುದು ಗಂಡನ ಟ್ರ್ಯಾಕ್ಸಿನ ಪಾಳಿಯ ಮೇಲೆ ನಿಂತಿತ್ತು. ಹುಣ್ಣಿಮೆಯ ಹಿಂದುಮುಂದಿನ ದಿನಗಳಲ್ಲಿ ಭಕ್ತರ ನೂಕುನುಗ್ಗಲು, ಅವಳಿಗೆ ಜಾಗವಿಲ್ಲ, ಪಾಠವಿಲ್ಲ. ಅದು ಕಳೆದ ಮೇಲೆ ಬಂದಾಗ ಬಿಟ್ಟುಹೋದದ್ದನ್ನೆಲ್ಲ ತಾನೇ ಕೇಳಿ ಕೇಳಿ ಕಲಿಯುತ್ತಿದ್ದಳು. ಅಷ್ಟು ಹಟದವಳನ್ನು ನಾನು ಆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ಒಂದೇ ತಿಂಗಳಲ್ಲಿ ‘ಗೋ’ವಿನ ಮಗ್ಗಿ ಅವಳಿಗೆ ಕರತಲಾಮಲಕವಾಯಿತು. ಉಪ್ಪಿಟ್ಟಿನ ರವೆ ಹುರಿಯುವಾಗ ಅನ್ನುತ್ತಾಳಂತೆ, ಬೋರಿನಲ್ಲಿ ಕೊಡ ಹಚ್ಚಿದಾಗ ಅನ್ನುತ್ತಾಳಂತೆ. ಅಂಗನವಾಡಿಯ ಕೂಸುಗಳು ಕೂಡ ‘ಗೋ ವೆಂಟ್ ಗಾನ್’ ಅನ್ನಲು ಕಲಿತವಂತೆ.

ಆದರೆ ಒಂದು ತೊಡಕಿತ್ತು. ನಡುವಿನಿಂದ ಕೇಳಿದರೆ ಅವಳಿಗೆ ಬರುತ್ತಿರಲಿಲ್ಲ. ‘ಅವನು ಹೋಗಿದ್ದನು ಅನ್ನೂದಕ್ಕ ಏನಂತಾರ?’ ಎಂದರೆ ಅವಳು ಮೊದಲಿನಿಂದ, ‘ಐ ಗೋ’ದಿಂದ ಹಿಡಿದು, ಜೋರಾಗಿ ಅನ್ನುತ್ತ ಅನ್ನುತ್ತ ಬಂದು ‘ಹಿ ಹ್ಯಾಡ್ ಗಾನ್’ ಎಂಬಲ್ಲಿ ಗಕ್ಕನೆ ನಿಂತು, ‘ಇದ ನೋಡ್ರಿ ಅಕ್ಕೋರ!’ ಎನ್ನುತ್ತಿದ್ದಳು. ಬಾವಿಗೆ ಇಳಿಯುವವರು ಮೊದಲ ಮೆಟ್ಟಿಲಿನಿಂದಲೇ ಇಳಿಯಬೇಕಲ್ಲ, ಹಾಗೆ. ಮನಸ್ಸಿನಲ್ಲೇ ಅನ್ನು ಎಂದರೆ ಆಗುತ್ತಿರಲಿಲ್ಲ.

‘ಬಾಯಿ ತಗದ್ರ ಬರತೈತ್ರಿ. ಬಾಯಿ ಮುಚ್ಚಿದ್ರ ಎಲ್ಲಾ ಹಾರಿಹೋಗತೈತಿ’ ಎನ್ನುತ್ತಿದ್ದಳು.

ಈ ತಪ್ಪು ಅವಳದಲ್ಲ, ನನ್ನದು. ಅರ್ಥ ಬಿಡಿಸಿ, ಒಂದೊಂದು ವಾಕ್ಯ ಬರೆಸಿ ಕಲಿಸಿದ್ದರೆ ಹೀಗಾಗುತ್ತಿರಲಿಲ್ಲ. ನನಗದು ಗೊತ್ತಿತ್ತು. ಒಂದು ಹದಿನೈದು ದಿನ ಅವಳೊಬ್ಬಳನ್ನೇ ಕೂಡಿಸಿಕೊಂಡು ತಿದ್ದಬಹುದಿತ್ತು. ಆದರೆ ಪರೀಕ್ಷೆಯ ಹಿಂದಿನ ದಿನಗಳು, ಶಾಲೆಯಲ್ಲಿ ಕೆಲಸ ಮೈಮೇಲೆ ಬಂದಿತ್ತು. ಮಗಳಿಗೆ ಬೈಲಹೊಂಗಲದಲ್ಲಿ ಗೋಬರ, ಅಂದರೆ ದಡಾರ, ಎದ್ದಿತ್ತು. ಕೊನೆಯ ಸಂಜೆ ಅವಳು ಮತ್ತೆ ಅದನ್ನೇ ಕೇಳಿದಾಗ ನನಗೆ ಸಾಕುಸಾಕಾಗಿತ್ತು.

‘ಪರೀಕ್ಷಾದಾಗ ಹೆಂಗ ಮಾಡ್ಲಿರಿ?’

‘ಏ ತಾಯಿ, ತಲಿ ತಿನಬ್ಯಾಡ. ಬಾಯಿ ತಗದ ಬರತಿದ್ರ ಬಾಯಿ ತಗದ ಅನ್ನ. ಸಣ್ಣ ದನೀಲೆ ಅನ್ನ. ಯಾರ ಏನ ಮಾಡತಾರ?’

‘ನಡೀತೈತೇನ್ರಿ?’

‘ನಡೀತೈತಿ ಹೋಗ.’

ಅವಳ ಮುಖ ಅರಳಿತು. ನನ್ನ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಅರ್ಧ ಗೆರೆ ಕೂಡ ಹಾಕದ ಕಸೂತಿಯ ಬಟ್ಟೆಯನ್ನು ಮಡಚಿಕೊಂಡು ಹೋದಳು. ನಾನು ಬಾಗಿಲು ಹಾಕಿಕೊಂಡು ಬೈಲಹೊಂಗಲಕ್ಕೆ ಒಯ್ಯುವ ಚೀಲ ತುಂಬಿದೆ.

ಇಂಗ್ಲಿಷ್ ಪರೀಕ್ಷೆಯ ದಿನ ಇಂಗ್ಲಿಷ್ ಶಿಕ್ಷಕರನ್ನು ಪರೀಕ್ಷೆಯ ಕೇಂದ್ರಕ್ಕೆ ಹಾಕುವುದಿಲ್ಲ. ಹಾಗಾಗಿ ನಾನು ಅವತ್ತು ಸವದತ್ತಿಯ ಮನೆಯಲ್ಲೇ ಇದ್ದೆ. ಬಟ್ಟೆ ಒಗೆದು ಹಿಂಡುತ್ತಿದ್ದೆ. ಬಿಸಿಲು ನೆತ್ತಿಗೆ ಬಂದಿತ್ತು. ಮನೆ ಮಾಲಕಿಯ ಮಗಳು, ಅವಳೂ ಅಂದು ಪರೀಕ್ಷೆಗೆ ಹೋದವಳು, ಏದುಸಿರು ಬಿಡುತ್ತ ಹಿತ್ತಲಿಗೇ ಓಡಿ ಬಂದಳು.

‘ಅಕ್ಕೋರ, ಘಾತ ಆತ್ರಿ! ಸ್ಕ್ವಾಡ್ ಬಂದಿತ್ತು. ಉಗರಗೋಳದಾಕಿನ್ನ ಹಿಡದಾರ. ಪೇಪರ್ ಕಸಗೊಂಡಾರ!’

ಬಿಡಿಸಿ ಕೇಳಿದಾಗ ಗೊತ್ತಾಯಿತು. ಬಿಟ್ಟ ಸ್ಥಳ ತುಂಬುವ ಪ್ರಶ್ನೆ ಬಂದಿದೆ, ಅದರಲ್ಲಿ ‘ಗೋ’ ಬಂದಿದೆ. ಅವಳು ನಾನು ಹೇಳಿದಂತೆ ಮೊದಲಿನಿಂದ ಮಗ್ಗಿ ಹಿಡಿದಿದ್ದಾಳೆ. ಸಣ್ಣ ದನಿ ಎಂದರೆ ಅವಳದು ಎಂಥ ಸಣ್ಣ ದನಿ! ನೀರಿನ ಸಾಲಿನಲ್ಲಿ ಕೂಗಿ ರೂಢಿಯಾದ ಗಂಟಲು. ಅವಳ ಹಿಂದಿನವಳು ಬರೆದುಕೊಂಡಿದ್ದಾಳೆ, ಪಕ್ಕದವಳು ಬರೆದುಕೊಂಡಿದ್ದಾಳೆ. ಮೇಲ್ವಿಚಾರಕರು ಎರಡು ಸಲ ಸುಮ್ಮನಿರಿಸಿದ್ದಾರೆ. ಅವಳಿಗೆ ಪಾಪ, ನಡುವೆ ಕಡಿದರೆ ಮತ್ತೆ ಮೊದಲಿನಿಂದ ಹಿಡಿಯಬೇಕಲ್ಲ! ಮೂರನೆಯ ಸಲ ಹಿಡಿದಾಗ ಕಾಪಿ ಹಿಡಿಯಲು ಬಂದ ಸ್ಕ್ವಾಡಿನ ಸಾಹೇಬರು ಬಾಗಿಲಲ್ಲೇ ನಿಂತಿದ್ದರು. ನೋಡಿದರೆ ಮೂರೂ ಪೇಪರಿನಲ್ಲಿ ಒಂದೇ ಉತ್ತರ. ಪರೀಕ್ಷೆಯ ಕೋಣೆಯಲ್ಲಿ ಉತ್ತರ ಕೂಗಿ ಹೇಳಿಕೊಟ್ಟಳು ಎಂದು ಅವಳನ್ನು ಹೆಡ್‌ಮಾಸ್ತರರ ಖೋಲಿಯಲ್ಲಿ ಕೂಡಿಸಿದ್ದರು.

‘ಡಿಬಾರ್ ಮಾಡತಾರಂತ್ರಿ. ನೀವ್ ಒಂದ್ಸಲ ಬಂದ್ ಹೇಳ್ರಿ ಅಕ್ಕೋರ. ಆಕಿ ಕಲತದ್ದ ಹಂಗ, ಕಾಪಿ ಹೊಡಿಸಿಲ್ಲ ಅಂತ. ನಾವ್ ಹೇಳಿದ್ರ ಯಾರ ಕೇಳತಾರ್ರಿ? ನೀವ್ ಹೇಳಿದ್ರ ಸಾಹೇಬರು ಕೇಳತಾರ.’

ಕೈಯಲ್ಲಿದ್ದ ಹಸಿ ಬಟ್ಟೆಯನ್ನು ಹಾಗೇ ಬುಟ್ಟಿಗೆ ಒಗೆದು ಹೊರಟೆ. ಸೀರೆಯ ನೆರಿಗೆ ಕೂಡ ಸರಿಮಾಡಿಕೊಳ್ಳಲಿಲ್ಲ. ಹೇಳುತ್ತೇನೆ, ಇವಳಿಗೆ ಹೀಗೆ ಕಲಿಸಿದವಳು ನಾನೇ ಎಂದು ಹೇಳುತ್ತೇನೆ, ಆದದ್ದಾಗಲಿ ಎಂದು ದಾರಿಯುದ್ದಕ್ಕೂ ಅಂದುಕೊಂಡೆ. ಪರೀಕ್ಷೆಯ ಕೇಂದ್ರದ ಗೇಟಿನ ಎದುರಿಗೆ ಒಂದು ಬೇವಿನ ಮರ. ಅದರ ನೆರಳಿನಲ್ಲಿ ಸ್ಕ್ವಾಡಿನ ಜೀಪು ನಿಂತಿತ್ತು. ಜೀಪಿನ ಬಾಗಿಲಿನ ಮೇಲೆ ನನ್ನದೇ ಇಲಾಖೆಯ ಹೆಸರು. ನನಗೆ ಮೆಮೊ ಕಳಿಸಿದ ಕಚೇರಿ ಅದೇ. ನನ್ನ ವರ್ಗಾವಣೆಯ ಕಾಗದ ಆಗ ಕುಳಿತದ್ದೂ ಅದೇ ಕಚೇರಿಯಲ್ಲಿ. ಈ ಸಲ ಆಗುತ್ತದೆ ಎಂದು ಅಲ್ಲಿಯ ಗುಮಾಸ್ತರು ಮೊನ್ನೆಯಷ್ಟೇ ಹೇಳಿದ್ದರು.

ನಾನು ಬೇವಿನ ಮರದ ಕೆಳಗೆ ನಿಂತೆ. ಕಸೂತಿ ಕಲಿಸುತ್ತೇನೆಂದು ಸಹಿ ಹಾಕಿ ಕೊಟ್ಟವಳು ನಾನು. ಈಗ ಒಳಗೆ ಹೋಗಿ ಇಂಗ್ಲಿಷ್ ಕಲಿಸಿದೆ ಎಂದರೆ ಪಾಠ ಹೇಳಿದ ತಪ್ಪು ಒಂದು, ಸುಳ್ಳು ಬರೆದುಕೊಟ್ಟ ತಪ್ಪು ಇನ್ನೊಂದು. ವರ್ಗಾವಣೆಯಂತೂ ಆದ ಹಾಗೇ. ಮಗಳು ಬಾಗಿಲ ಹಿಂದೆ ಚಪ್ಪಲಿ ಹಿಡಿದು ನಿಂತದ್ದು ಕಣ್ಣಿಗೆ ಕಟ್ಟಿತು. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಹೆಡ್‌ಮಾಸ್ತರರು ಒಳ್ಳೆಯವರು, ಅವರೇ ಏನಾದರೂ ಮಾಡುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ತಿರುಗಿ ಮನೆಗೆ ಬಂದೆ. ಬುಟ್ಟಿಯಲ್ಲಿದ್ದ ಬಟ್ಟೆಗಳನ್ನು ಒಂದೊಂದಾಗಿ ಒಣಹಾಕಿದೆ.

ಮಾಲಕಿಯ ಮಗಳು ಸಂಜೆ ಕೇಳಿದಳು, ‘ಹೋಗಿದ್ರೇನ್ರಿ?’

‘ಹೋಗಿದ್ದೆ’ ಎಂದೆ. ಸುಳ್ಳೇನೂ ಅಲ್ಲ ನೋಡಿ.

ಉಗರಗೋಳದವಳನ್ನು ಡಿಬಾರ್ ಮಾಡಿದರು. ಆ ಸಲದ್ದಷ್ಟೇ ಅಲ್ಲ, ಮುಂದಿನ ಪರೀಕ್ಷೆಗೂ ಕೂಡುವಂತಿರಲಿಲ್ಲ. ಅವಳು ಮತ್ತೆ ನನ್ನ ಪಡಸಾಲೆಗೆ ಬರಲಿಲ್ಲ. ಬಂದಿದ್ದರೆ ಏನು ಹೇಳಬೇಕೆಂದು ನಾನು ದಿನವೂ ಮಾತು ಜೋಡಿಸಿಕೊಳ್ಳುತ್ತಿದ್ದೆ. ಅವಳ ಗಂಡನ ಟ್ರ್ಯಾಕ್ಸು ಬಸ್‌ಸ್ಟ್ಯಾಂಡಿನ ಬಳಿ ಕಂಡರೆ ನಾನು ರಸ್ತೆಯ ಆ ಬದಿಗೆ ದಾಟುತ್ತಿದ್ದೆ. ಬೇಸಿಗೆ ಮುಗಿಯುವಷ್ಟರಲ್ಲಿ ಉಗರಗೋಳದ ಅಂಗನವಾಡಿಗೆ ಬೇರೆ ಊರಿನ ಹುಡುಗಿಯೊಬ್ಬಳು ಹೊಸ ಅಕ್ಕೋರಾಗಿ ಬಂದಳೆಂದು ಕೇಳಿದೆ. ಅದೇ ಮಳೆಗಾಲದಲ್ಲಿ ನನ್ನ ವರ್ಗಾವಣೆ ಆಯಿತು. ಬೈಲಹೊಂಗಲದ ಹತ್ತಿರದ ಹಳ್ಳಿ, ಸಿಟಿ ಬಸ್ಸಿನಷ್ಟು ಹಾದಿ. ಸವದತ್ತಿಯ ಮನೆ ಖಾಲಿ ಮಾಡಿ, ಗ್ಯಾಸಿನ ಒಲೆ, ಎರಡು ಕೊಡ, ಹಾಸಿಗೆ ಸುರುಳಿ ಹೇರಿಕೊಂಡು ಬಂದೆ.

ಬಂದ ರವಿವಾರ ಸಂಜೆ ಮಗಳು ಅಭ್ಯಾಸಬಲದಿಂದ ನನ್ನ ಚಪ್ಪಲಿ ಬಚ್ಚಿಟ್ಟಿದ್ದಳು. ‘ಇನ್ನ ಹೋಗೂದಿಲ್ಲ ತಗೋ’ ಎಂದೆ. ಅವಳು ನಂಬಲಿಲ್ಲ. ಸೋಮವಾರ ಮುಂಜಾನೆಯವರೆಗೂ ಆ ಚಪ್ಪಲಿ ಹೊರಗೆ ಬರಲಿಲ್ಲ. ನಾನು ಅವಳನ್ನು ತೊಡೆಯ ಮೇಲೆ ಎಳೆದುಕೊಂಡು ಅತ್ತುಬಿಟ್ಟೆ. ಅತ್ತೆಯವರು, ‘ಮನಿಗೆ ಬಂದ ಮ್ಯಾಲ ಯಾಕ ಅಳತಿ, ಹುಚ್ಚಿ?’ ಎಂದರು.

ಮನೆಯಲ್ಲಿ ಪಾಠ ಹೇಳುವುದನ್ನು ಅಲ್ಲಿಗೇ ಬಿಟ್ಟೆ. ಶಾಲೆಯಲ್ಲಿ ಮಗ್ಗಿ ಹೇಳಿಸುವುದನ್ನೂ ಬಿಟ್ಟೆ. ಕರಿಹಲಗೆಯ ಮೇಲೆ ಒಂದೊಂದು ವಾಕ್ಯ ಬರೆದು, ಮಕ್ಕಳನ್ನು ಎಬ್ಬಿಸಿ, ಬಾಗಿಲವರೆಗೆ ನಡೆಸಿ, ಈಗ ಇವ ಏನು ಮಾಡುತ್ತಿದ್ದಾನೆ, ಈಗ ಏನು ಮಾಡಿದ ಎಂದು ಕೇಳಿ ಕಲಿಸುತ್ತಿದ್ದೆ. ನಮ್ಮ ಹೆಡ್‌ಮಾಸ್ತರರು, ‘ಅಕ್ಕೋರು ಬಾಳ ಮನಸ್ಸ ಹಚ್ಚಿ ಕಲಸ್ತಾರ’ ಎಂದು ಬಂದವರೆದುರು ಹೊಗಳುತ್ತಿದ್ದರು. ಕೇಳಿದಾಗಲೆಲ್ಲ ನನಗೆ ಎಲ್ಲಾದರೂ ಹೋಗಿ ಮಲಗಿಬಿಡಬೇಕು ಅನ್ನಿಸುತ್ತಿತ್ತು.

ಏಳೆಂಟು ವರ್ಷ ಕಳೆದವು. ಒಂದು ಚುನಾವಣೆಗೆ ನನಗೆ ಡ್ಯೂಟಿ ಬಿತ್ತು. ನಮ್ಮನ್ನು ನಮ್ಮ ಕ್ಷೇತ್ರದಲ್ಲಿ ಹಾಕುವುದಿಲ್ಲವಲ್ಲ, ಎತ್ತಿ ಸವದತ್ತಿ ಕಡೆ ಒಗೆದರು. ಮತಪೆಟ್ಟಿಗೆಯ ಬದಲು ಯಂತ್ರ ಬಂದ ಕಾಲ. ಸಾಮಾನು ಹಂಚುವ ಜಾಗದಲ್ಲಿ ಬಿಸಿಲಲ್ಲಿ ಸಾಲು ನಿಂತು, ಯಂತ್ರ, ಮಸಿ, ಅರಗು, ಪಟ್ಟಿ ಎಲ್ಲ ಎಣಿಸಿಕೊಂಡು ಬಸ್ಸು ಹತ್ತಿದ ಮೇಲೆಯೇ ಬೂತು ಯಾವುದೆಂದು ನಾನು ಚೀಟಿ ಬಿಚ್ಚಿ ನೋಡಿದ್ದು. ಉಗರಗೋಳ.

ಶಾಲೆಯ ಕೋಣೆಯೊಂದು ಬೂತು. ಅದಕ್ಕೆ ಅಂಟಿಕೊಂಡೇ ಅಂಗನವಾಡಿ. ಮಧ್ಯಾಹ್ನ ನಾವು ನಾಲ್ವರು ಬೆಂಚು ಜೋಡಿಸಿ, ರಟ್ಟಿನ ಮರೆ ಕಟ್ಟುತ್ತಿದ್ದಾಗ ಅವಳು ಬಂದಳು. ಒಂದು ಕೈಯಲ್ಲಿ ಸ್ಟೀಲಿನ ಕಿಟ್ಲಿ, ಇನ್ನೊಂದು ಕೈಯಲ್ಲಿ ಕಪ್ಪುಗಳ ತಾಟು. ಡ್ಯೂಟಿಯವರ ಊಟ, ಚಹಾ ಅವಳ ಪಾಲಿಗೆ ಬಂದಿತ್ತು. ಕೂದಲು ಕಿವಿಯ ಹತ್ತಿರ ಬೆಳ್ಳಗಾಗಿತ್ತು. ಅದೇ ಗಂಟಲು.

‘ಅಯ್ಯ, ಅಕ್ಕೋರ! ನೀವೇನ್ರಿ! ಎಷ್ಟ ಸೊರಗೀರಿ! ಆರಾಮ್ ಅದೀರೇನ್ರಿ? ಮಗಳು ದೊಡ್ಡಾಕಿ ಆಗಿರಬೇಕಲ್ರಿ?’

ಆಗಿದ್ದಾಳೆ ಎಂದೆ. ಬೆಂಚಿನ ಮೇಲೆ ಕುಳಿತೆ. ಅವಳು ಉಳಿದವರಿಗೆಲ್ಲ ಚಹಾ ಕೊಟ್ಟು, ಅವರು ವರಾಂಡಕ್ಕೆ ಹೋದ ಮೇಲೆ, ನನ್ನ ಕಪ್ಪು ತುಂಬಿ ಕೊಟ್ಟು ಎದುರಿಗೆ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತಳು. ಬೆಂಚಿನ ಮೇಲೆ ಬಾ ಎಂದರೂ ಕೇಳಲಿಲ್ಲ.

‘ಇನ್ನೂ ಸಹಾಯಕಿನೇನವಾ?’ ಎಂದು ಕೇಳಿಬಿಟ್ಟೆ. ಬಾಯಿ ಸುಟ್ಟುಹೋಗಲಿ, ಬೇರೆ ಮಾತೇ ಸಿಗಲಿಲ್ಲ ನನಗೆ.

‘ಹೂನ್ರಿ. ಹೊಸ ಅಕ್ಕೋರ ಛಲೋ ಅದಾರ. ನನಗಿಂತ ಸಣ್ಣಾಕಿ.’ ಆಮೇಲೆ ತಾನೇ ಕೇಳಿದಳು: ‘ನಿಮಗೊಂದ ಕೇಳಬೇಕಿತ್ತರಿ. ಇಷ್ಟ ವರ್ಷ ತಲ್ಯಾಗ ಉಳದೈತಿ. ಅವತ್ತ ಪೇಪರ್ ಕಸಗೊಳ್ಳೂದ್ರಾಗ ನಾ ಬರದ ಮುಗಿಸಿದ್ನಿ. ಬರೋಬ್ಬರಿ ಇತ್ತೋ ಇಲ್ಲೋ, ಯಾರೂ ಹೇಳಲಿಲ್ಲ. ಅನ್ಲೇನ್ರಿ?’

ನಾನು ಹೂಂ ಅನ್ನುವ ಮೊದಲೇ ಶುರುಮಾಡಿದಳು. ಐ ಗೋ, ನಾನು ಹೋಗುತ್ತೇನೆ. ಅದೇ ರಾಗ, ಅದೇ ತೂಗುವಿಕೆ. ವರಾಂಡದಲ್ಲಿದ್ದ ಪೊಲೀಸಿನವ ಇಣುಕಿ ನಕ್ಕು ಹೋದ. ಅವಳು ನಿಲ್ಲಿಸಲಿಲ್ಲ. ‘ಹಿ ಹ್ಯಾಡ್ ಗಾನ್’ ಎಂಬಲ್ಲಿ ಬೆರಳು ನೆಲಕ್ಕೆ ಕುಟ್ಟಿ ನಿಂತಳು. ‘ಇದ ಬರದಿದ್ನಿ ನೋಡ್ರಿ.’

‘ಬರೋಬ್ಬರಿ ಇತ್ತವಾ. ಪೂರಾ ಬರೋಬ್ಬರಿ.’

‘ಹೌದಲ್ರಿ!’ ಎಂದು ತೊಡೆಗೆ ಹೊಡೆದುಕೊಂಡಳು. ‘ಮನ್ಯಾಗ ಯಾರೂ ನಂಬೂದಿಲ್ರಿ. ಇವತ್ತ ಹೇಳತೇನಿ ಎಲ್ಲಾರಿಗೂ.’

ಆ ಮುಖ ನೋಡಿ ನನಗೆ ತಡೆದುಕೊಳ್ಳಲು ಆಗಲಿಲ್ಲ. ‘ಅವತ್ತ ನಾ ಬರಬೇಕಿತ್ತವಾ’ ಎಂದೆ. ‘ಬಂದ ಹೇಳಬೇಕಿತ್ತು. ನಾ ಬರಲಿಲ್ಲ.’

‘ಬಂದಿದ್ರಲ್ರಿ’ ಎಂದಳು ಅವಳು, ಏನೂ ಆಗದವರ ಹಾಗೆ, ಖಾಲಿ ಕಪ್ಪುಗಳನ್ನು ತಾಟಿಗೆ ಜೋಡಿಸುತ್ತ. ‘ಹೆಡ್‌ಮಾಸ್ತರ ಖೋಲಿ ಕಿಟಕ್ಯಾಗ ಬೇವಿನ ಗಿಡಾ ಕಾಣತಿತ್ತಲ್ರಿ. ಸಾಹೇಬ್ರು ನನಗ ಒಂದ ಸವನ ಕೇಳಾಕ ಹತ್ತಿದ್ರು, ಹಿಂಗ ಬಾಯಿ ತಗದ ಅನ್ನಾಕ ಯಾರ ಕಲಸ್ಯಾರ ಹೇಳ, ಅವರ ಬಂದ ಹೇಳಿದ್ರ ನಿನ್ನ ಬಿಡತೇನಿ ಅಂತ. ಅಷ್ಟರಾಗ ನೀವ್ ಬಂದ ನಿಂತಿದ್ದ ಕಂಡ್ತು. ನನಗ ಜೀವ ಬಂದಂಗಾತ್ರಿ. ಈಗ ಒಳಗ ಬರತಾರ, ಈಗ ಬರತಾರ ಅಂತ ನೋಡಕೋತ ಕುಂತ್ನಿ.’

ನನ್ನ ಕೈಯಲ್ಲಿದ್ದ ಚಹಾ ಆರಿಹೋಗಿತ್ತು.

‘ಆಮ್ಯಾಲ ನೀವ್ ಹೊಳ್ಳಿ ಹೋದ್ರಿ. ಅಕ್ಕೋರಿಗೆ ಏನೋ ಅಡಚಣಿ ಐತಿ, ಇಲ್ಲಾಂದ್ರ ಹಿಂಗ ಮಾಡವರಲ್ಲ ಅನ್ಕೊಂಡ್ನಿ. ಸಾಹೇಬ್ರು, ಆ ಅಕ್ಕೋರ ಮನಿಗೆ ನೀ ಹೋಗತೀ ಅಂತಲ್ಲ, ಅವರ ಕಲಸ್ಯಾರೇನು ಅಂತ ನಿಮ್ಮ ಹೆಸರ ಹಿಡದ ಕೇಳಿದ್ರು.’

‘ನೀ ಏನಂದಿ?’

ಅವಳು ತಾಟು ಎತ್ತಿಕೊಂಡು ಎದ್ದು ನಿಂತಳು.

‘ನೀವ್ ಹೇಳಿಕೊಟ್ಟಂಗ ಅಂದ್ನಿರಿ. ಹೋಗತೇನ್ರಿ ಸಾಹೇಬ್ರ, ಕಸೂತಿ ಕಲಿಯಾಕ ಹೋಗತೇನಿ ಅಂತ.’